ಕುಮಟಗಿಯ ಜಲಮಂದಿರ

ಕೃಷ್ಣೆ, ಭೀಮೆಯರ ನಡುವಣ ವಿಜಯಪುರದ ನೆಲ ಮಳೆಗಾಗಿ ಕಾಯುವ ನೆಲ. ಕೊಡ ನೀರಿನ ಬೆಲೆ ಏನೆಂಬುದನ್ನು ತಿಕೋಟಾ, ಬಬಲೇಶ್ವರಗಳ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂಥ ನಾಡಿನಲ್ಲಿ ಆದಿಲ್‌ಶಾಹಿ ಅರಸರು ನಡುನೀರಿನಲ್ಲಿ ಮಂಟಪಗಳನ್ನು ಕಟ್ಟಿಸಿದರು. ನಗರದೊಳಗಿನ ಜಲಮಂಜಿಲ್ ಒಂದು. ಸಿಂದಗಿಯ ದಾರಿಯಲ್ಲಿ ಸುಮಾರು 20 ಕಿಲೋಮೀಟರು ದೂರದ ಕುಮಟಗಿಯದು ಇನ್ನೊಂದು.

ಕುಮಟಗಿಯ ಮಂಟಪ ದೊಡ್ಡದೇನಲ್ಲ. ಗೋಳಗುಮ್ಮಟವನ್ನು ಕಂಡು ಬಂದವರಿಗೆ ಅದು ಆಟಿಕೆಯಂತೆ ತೋರೀತು. ಚೌಕನೆಯ ಹೊಂಡದ ನಡುವೆ ಅದು ನಡುಗಡ್ಡೆಯಂತೆ ನಿಂತಿದೆ. ದಡದಿಂದ ಅಲ್ಲಿಗೆ ಕಿರುಸೇತುವೆಯೇ ದಾರಿ. ಅದರ ಹಿರಿಮೆಯಿರುವುದು ನೀರಿನ ಏರ್ಪಾಟಿನಲ್ಲಿ. ನೀರನ್ನು ಮೊದಲು ಎತ್ತರದ ಗೋಪುರಕ್ಕೆ ಏರಿಸಿ, ಅಲ್ಲಿಂದ ಕೊಳವೆಗಳ ಮೂಲಕ ಇಳಿಸುತ್ತಿದ್ದರು. ಹಾಗೆ ಇಳಿದ ನೀರು ತನ್ನ ಒತ್ತಡದಿಂದಲೇ ಕಾರಂಜಿಯಾಗಿ ಚಿಮ್ಮುತ್ತಿತ್ತು. ಛಾವಣಿಯ ರಂಧ್ರಗಳಿಂದ ತುಂತುರಾಗಿ ಉದುರುತ್ತಿತ್ತು. ಹೊರಗೆ ವೈಶಾಖದ ಬಿಸಿಲು, ಒಳಗೆ ಶ್ರಾವಣದ ಸೋನೆ! ಅರಸರ ವಿನೋದಕ್ಕೆ ಇಷ್ಟು ವೆಚ್ಚವೇ ಎಂದು ಆಕ್ಷೇಪಿಸುವವರು ಆಕ್ಷೇಪಿಸಲಿ. ಆ ನೀರಿನ ಲೆಕ್ಕವನ್ನು ಹಾಕಿದ ಹೆಸರಿಲ್ಲದ ಕುಶಲಿಗಳಿಗೆ ಮಾತ್ರ ತಲೆಬಾಗಲೇಬೇಕು.

ಇಲ್ಲಿನ ಗೋಡೆಗಳನ್ನು ಚಿತ್ರಗಳಿಂದ ಅಲಂಕರಿಸಿದ್ದರು. ಕುಸ್ತಿ ಹಿಡಿದ ಜಟ್ಟಿಗಳು, ಕುದುರೆಯೇರಿ ಚೆಂಡಾಡುವ ಸವಾರರು, ಐರೋಪ್ಯ ಉಡುಪಿನ ಪರದೇಶಿಗಳು ಅವುಗಳಲ್ಲಿದ್ದರು. 1686ರಲ್ಲಿ ವಿಜಾಪುರ ಔರಂಗಜೇಬನ ವಶವಾಯಿತು. ಅರಸೊತ್ತಿಗೆ ಅಳಿದ ಮೇಲೆ ವಿಹಾರಮಂದಿರದ ಗೋಳು ಕೇಳುವವರಾರು? ಬಣ್ಣಗಳನ್ನು ಗಾಳಿಮಳೆಗಳು ಅಷ್ಟಿಷ್ಟು ತಿಂದವು. ಅವು ಬಿಟ್ಟುದನ್ನು, ಕಂಡ ಗೋಡೆಯ ಮೇಲೆಲ್ಲ ತಮ್ಮ ಹೆಸರು ಕೊರೆಯುವವರು ಕೆಡಿಸಿದರು. ಈಗ ಚೆಂಡಾಡುವ ಸವಾರನನ್ನು ಗುರುತಿಸಬೇಕಾದರೆ ಗೋಡೆಯ ಹತ್ತಿರ ನಿಂತು ಕಣ್ಣು ಕಿರಿದುಮಾಡಿ ಹುಡುಕಬೇಕು.