ನಿನ್ನ ದೋಸ್ತ ಅದಾನಲ್ಲ, ಒಂದ್ ಸೈನ್!

ಅಪ್ಪನ ಫೋನು ಬರೋದು ಯಾವಾಗಲೂ ನಮ್ಮ ಸ್ಟ್ಯಾಂಡಪ್ ಮೀಟಿಂಗ್ ಶುರುವಾಗೋ ಹೊತ್ತಿಗೇ. ಅವತ್ತೂ ಹಾಗೇ ಆಯ್ತು. ಲ್ಯಾಪ್‌ಟಾಪ್ ಮ್ಯೂಟ್ ಮಾಡಿ ಎತ್ತಿಕೊಂಡೆ.

"ತಮ್ಮಾ, ಒಂದು ಸೈಟ್ ನೋಡೀನಿ. ಥರ್ಟಿ ಫಾರ್ಟಿ ಅದ. ರೋಡಿಗಿ ಹತ್ತೇ ಅದ. ತೊಗರಿ ರೊಕ್ಕದಾಗ ಎರಡು ಲಕ್ಷ ಅಡ್ವಾನ್ಸ್ ಕೊಟ್ಟು ಬಂದೀನಿ."

"ನನಗೊಂದು ಮಾತು ಕೇಳಬಾರದೇನಪ್ಪ?"

"ಕೇಳೋದೇನದ ಅದ್ರಾಗ? ಲೇಔಟ್ ಪಾಸಾಗೋದು ಒಂದು ಬಾಕಿ ಅದ ಅಂತ. ನಿನ್ನ ದೋಸ್ತ ಅದಾನಲ್ಲ ಅದೇ ಆಫೀಸಿನಾಗ, ಒಂದ್ ಸೈನ್ ಹಾಕ್ಸಿಬಿಡು."

ಫೋನ್ ಇಟ್ಟರು. ನಾನು ಅನ್‌ಮ್ಯೂಟ್ ಮಾಡಿ "ನೋ ಬ್ಲಾಕರ್ಸ್" ಅಂದೆ.

ಆ ದೋಸ್ತ ಮತ್ತು ನಾನು ಕಲಬುರಗಿಯಲ್ಲಿ ನಾಲ್ಕು ವರ್ಷ ಒಂದೇ ಹಾಸ್ಟೆಲ್ ರೂಮಿನಲ್ಲಿದ್ದವರು. ನಂದು ಕಂಪ್ಯೂಟರ್ ಸೈನ್ಸ್, ಅವನದು ಸಿವಿಲ್. ಬಿಇ ಮುಗಿದ ವಾರಕ್ಕೆ ನಾನು ಬೆಂಗಳೂರಿನ ಬಸ್ ಹತ್ತಿದೆ. ಅವನು ಪ್ಲಾನಿಂಗ್‌ನಲ್ಲಿ ಮಾಸ್ಟರ್ಸ್ ಮಾಡಿ, ಪರೀಕ್ಷೆ ಮೇಲೆ ಪರೀಕ್ಷೆ ಬರೆದು, ಕೊನೆಗೆ ಸಹಾಯಕ ನಗರ ಯೋಜಕ ಆದ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಅವನ ಹೆಸರು "ಸಿಟಿ ಪ್ಲಾನರ್ ಸಾಹೇಬ್ರು". ದೊಡ್ಡ ಟೇಬಲ್ ಮೇಲೆ ನಕ್ಷೆ ಹರಡಿಕೊಂಡು ಇಲ್ಲೊಂದು ಪಾರ್ಕು, ಅಲ್ಲೊಂದು ಸರ್ಕಲ್ಲು ಅಂತ ಗೆರೆ ಎಳೀತಾ ಕೂತಿರ್ತಾನೆ ಅಂತ ನಾವೆಲ್ಲ ಅಂದುಕೊಂಡಿದ್ವಿ.

ಯುಗಾದಿಗೆ ಊರಿಗೆ ಹೋದಾಗ ಎರಡು ದಿನ ಅವನ ಬೈಕಿನ ಹಿಂದೆ ಕೂತೆ. ಅವನ ಕೆಲಸ ನೋಡೋ ಆಸೆ ಅಂತ ಹೇಳಿದ್ದೆ. ಅದು ಅರ್ಧ ಖರೆ. ಸೈನಿನ ಮಾತು ಎತ್ತೋಕೆ ಒಂದು ಒಳ್ಳೆ ಗಳಿಗೆ ಬೇಕಿತ್ತು, ಅದು ಉಳಿದರ್ಧ.

ಅವನಿಗೆ ಐದು ಊರು: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಮೊದಲು ವಾಡಿಗೆ ಹೋದ್ವಿ. ಮುಂಬೈ–ಚೆನ್ನೈ ಲೈನಿನಿಂದ ನಿಜಾಮರ ರೈಲು ಸಿಕಂದರಾಬಾದಿಗೆ ಕವಲೊಡೆದದ್ದು ಇಲ್ಲಿಂದಲೇ, 1874ರಲ್ಲಿ. ಚಿತ್ತಾಪುರ, ಸೇಡಂ ಎರಡೂ ಆ ಕವಲಿನ ಮೇಲಿವೆ. ರೈಲು ಬಂತು, ಕಲ್ಲು ಹೋಯಿತು, ಸಿಮೆಂಟ್ ಫ್ಯಾಕ್ಟರಿ ಬಂತು, ಮಂದಿ ಬಂದರು. ನಕ್ಷೆ ಮಾತ್ರ ಎಲ್ಲಕ್ಕಿಂತ ಕೊನೆಗೆ ಬಂತು. ಸಿಮೆಂಟ್ ಕಾಲೊನಿಯ ಗೇಟಿನ ಹತ್ತಿರ ಬೈಕ್ ನಿಲ್ಲಿಸಿದ. ಒಳಗೆ ನೇರ ರಸ್ತೆ, ಎರಡೂ ಕಡೆ ಗಿಡ, ಸಾಲಾಗಿ ಕ್ವಾರ್ಟರ್ಸ್. ಹೊರಗೆ ಮನೆಯ ಮೆಟ್ಟಿಲು ರಸ್ತೆಯೊಳಗೆ, ಚರಂಡಿ ಮನೆಯ ಕೆಳಗೆ.

"ಕಾಂಪೌಂಡ್ ಒಳಗ ಪ್ಲಾನ್ ಅದ, ಹೊರಗ ಮಂದಿ ಅದಾರ" ಅಂದ. "ನನ್ನ ಕೆಲಸ ಹೊರಗಿಂದು."

ಶಹಾಬಾದಿನಲ್ಲಿ ಇನ್ನೊಂದು ಥರದ ಫಜೀತಿ. ಬೆಂಗಳೂರಿನ ಹಳೆ ಮನೆಗಳಲ್ಲೂ ಹಾಸಿರೋ ಆ ಶಹಾಬಾದ್ ಕಲ್ಲು ಇಲ್ಲಿಯ ನೆಲದ್ದು. ಹಾಸುಹಾಸಾಗಿ ಎಬ್ಬಿಸಿ ಮಾರಿದ ಮೇಲೆ ಗಣಿ ಗುಂಡಿಗಳು ಹಾಗೇ ಉಳಿದಿವೆ, ಮಳೆಗಾಲದಲ್ಲಿ ನೀರು ತುಂಬುತ್ತೆ. ಕಾಗದದ ಮೇಲೆ ಗುಂಡಿಯೂ ಒಂದೇ, ಬಯಲೂ ಒಂದೇ. ಒಳಚರಂಡಿ ಹಾಕೋಣ ಅಂದರೆ ಸ್ವಲ್ಪ ಅಗೆಯೋದರಲ್ಲೇ ಬಂಡೆ. ಒಡೆಯೋ ಖರ್ಚು ಪೈಪಿನ ಖರ್ಚನ್ನ ಮೀರುತ್ತೆ. ಹೊಸದಾಗಿ ಸೇರಿದ ಡೆವಲಪರ್ ಕೈಗೆ ಇಪ್ಪತ್ತು ವರ್ಷದ ಹಳೆ ಕೋಡ್ ಕೊಟ್ಟು, ನಿಲ್ಲಿಸಬೇಡ, ನಡೀತಿರೋವಾಗಲೇ ಸರಿಮಾಡು ಅಂತಾರಲ್ಲ, ಹಾಗೆ.

"ಮತ್ತೆ ನೀನು ಡ್ರಾಯಿಂಗ್ ಮಾಡೋದು ಯಾವಾಗ?" ಅಂತ ಕೇಳಿದೆ.

ನಕ್ಕ. ಅವನ ದಿನ ಹೀಗಿರುತ್ತೆ. ಯಾರೋ ಹೊಲ ಕೊಂಡು ಲೇಔಟ್ ಮಾಡ್ತೀನಿ ಅಂತ ಅರ್ಜಿ ಹಾಕ್ತಾರೆ. ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಜಮೀನು ಎನ್.ಎ. ಆಗಿರಬೇಕು. ಆದರೆ ಎನ್.ಎ. ಆದ ಮಾತ್ರಕ್ಕೆ ಲೇಔಟ್ ಆಗಲ್ಲ. ಅದಕ್ಕೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಬೇರೆ ಇದೆ. ರಸ್ತೆ ಎಷ್ಟು ಅಗಲ, ಪಾರ್ಕಿಗೆ ಎಷ್ಟು ಬಿಟ್ಟಿದ್ದಾರೆ, ಶಾಲೆ ದವಾಖಾನೆಗೆ ಜಾಗ ಎಲ್ಲಿ, ಮಳೆ ನೀರು ಯಾವ ಕಡೆ ಹೋಗುತ್ತೆ, ಇಷ್ಟನ್ನೂ ಇವನು ಟೇಪ್ ಹಿಡಿದು ನೋಡಿ ಫೈಲಿನಲ್ಲಿ ಷರಾ ಬರೀಬೇಕು. ತೀರ್ಮಾನ ಮೇಲಿನವರದು. ಬೈಗುಳ ಮಾತ್ರ ಇವನ ಪಾಲಿಗೆ.

ಇಂಥವರು ಇರೋದೇ ಕಮ್ಮಿ. ನೀತಿ ಆಯೋಗ 2021ರಲ್ಲಿ ನಗರ ಯೋಜನೆ ಬಗ್ಗೆ ಒಂದು ವರದಿ ಕೊಟ್ಟಿತ್ತು. ದೇಶದ 7,933 ಪಟ್ಟಣಗಳಲ್ಲಿ ಶೇ. 65ಕ್ಕೆ ಮಾಸ್ಟರ್ ಪ್ಲಾನೇ ಇಲ್ಲ. ರಾಜ್ಯಗಳ ಯೋಜನಾ ಇಲಾಖೆಗಳಿಗೆ 12,000ಕ್ಕೂ ಹೆಚ್ಚು ಪ್ಲಾನರ್‌ಗಳು ಬೇಕು, ಮಂಜೂರಾದ ಹುದ್ದೆ 4,000ಕ್ಕಿಂತ ಕಮ್ಮಿ, ಅದರಲ್ಲೂ ಶೇ. 42 ಖಾಲಿ. ಒಬ್ಬನಿಗೆ ಐದು ಊರು ಯಾಕೆ ಅಂತ ಆಗ ಗೊತ್ತಾಯ್ತು.

ಮರುದಿನ ಹೋದ ಊರು ಯಾವುದು ಅಂತ ಹೇಳಲ್ಲ. ಐದರಲ್ಲಿ ಒಂದು ಅಂದುಕೊಳ್ಳಿ. ಅಪ್ಪ ಅಡ್ವಾನ್ಸ್ ಕೊಟ್ಟ ಊರೂ ಅದೇ.

ಬೆಳಿಗ್ಗೆ ಹತ್ತೂವರೆಗೆ ಅವನ ಟೇಬಲ್ ಮುಂದೆ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ನಾಲ್ಕು ಮಡಿಕೆಯ ಬಾಂಡ್ ಪೇಪರ್. ಹತ್ತು ವರ್ಷ ಮಂದಿ ಮನೆಯ ಮುಸುರಿ ತಿಕ್ಕಿ ಅರ್ಧ ಗುಂಟೆ ಜಾಗ ತಗೊಂಡಿದ್ದಾಳೆ. ಅರ್ಧ ಗುಂಟೆ ಅಂದರೆ ಸುಮಾರು 544 ಚದರ ಅಡಿ, ನಮ್ಮ ಅಪಾರ್ಟ್‌ಮೆಂಟಿನ ಹಾಲು ಮತ್ತು ಬಾಲ್ಕನಿಯಷ್ಟು. ಮನೆ ಕಟ್ಟೋಕೆ ಪರವಾನಗಿ ಬೇಕು. ಅದಿದ್ದರೆ ಸಾಲ ಸಿಗುತ್ತೆ.

ದೋಸ್ತ ಪೇಪರ್ ನೋಡಿದ. ರಿಜಿಸ್ಟ್ರಿ ಇಲ್ಲ, ಲೇಔಟ್ ಮಂಜೂರಾಗಿಲ್ಲ, ಎನ್.ಎ. ಕೂಡ ಆಗಿಲ್ಲ.

"ಅವ್ವಾ, ಇದಕ್ಕ ಪರವಾನಗಿ ಕೊಡ್ಲಾಕ ಬರಲ್ಲ. ಕಾಯ್ದೆದಾಗ ಇಲ್ಲ."

"ಹಂಗಾದ್ರ ನನ್ನ ರೊಕ್ಕ ಹೋಯ್ತೇನ್ರಿ ಸಾಹೇಬ್ರ?"

ಅವನು ಮಾತಾಡಲಿಲ್ಲ. ಒಂದು ಹಾಳೆ ತೆಗೆದು, ಯಾರಿಗೆ ಅರ್ಜಿ ಕೊಡಬೇಕು, ಏನೇನು ದಾಖಲೆ ಹಚ್ಚಬೇಕು ಅಂತ ತಾನೇ ಬರೆದು ಕೊಟ್ಟ. ಅವಳು ಅದನ್ನೂ ಅದೇ ಚೀಲಕ್ಕೆ ಹಾಕಿಕೊಂಡು ಹೋದಳು. ಅವಳಿಗೆ ಮಾರಿದವನು ಆ ಟೇಬಲ್ ಮುಂದೆ ಒಂದು ದಿನವೂ ಬಂದು ನಿಂತಿಲ್ಲ.

ಮಧ್ಯಾಹ್ನ ರೊಟ್ಟಿ ತಿಂದಮೇಲೆ ಕೇಳೇಬಿಟ್ಟೆ. ಅಪ್ಪ, ತೊಗರಿ ರೊಕ್ಕ, ಎರಡು ಲಕ್ಷ, ಎಲ್ಲಾ ಹೇಳಿದೆ. "ನಿನ್ನ ಷರಾ ಒಂದು ಸರಿ ಇದ್ರೆ ಸಾಕಂತೆ" ಅಂದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು.

"ನಡಿ, ನೋಡಿ ಬರೋಣ" ಅಂದ.

ಸುಡುಬಿಸಿಲು. ಬಯಲಿನಲ್ಲಿ ಸುಣ್ಣದ ಗೆರೆ, ಬಿಳಿ ಕಲ್ಲು, "ಸೈಟುಗಳು ಮಾರಾಟಕ್ಕಿವೆ" ಅನ್ನೋ ಬೋರ್ಡು. ಪ್ಲಾನಿನಲ್ಲಿ 30 ಅಡಿ ಇದ್ದ ರಸ್ತೆ ಟೇಪ್ ಹಿಡಿದರೆ 18 ಬಂತು. ಪಾರ್ಕ್ ಅಂತ ಹಸಿರು ಬಳಿದಿದ್ದ ಜಾಗದಲ್ಲಿ ಒಂದು ಹಳೆ ಗಣಿ ಗುಂಡಿ. ನಮ್ಮಪ್ಪನ ಸೈಟು ಮೂಲೆಯಲ್ಲಿತ್ತು. ದೋಸ್ತ ಮೊಬೈಲಿನಲ್ಲಿ ದಿಶಾಂಕ್ ಆಪ್ ತೆಗೆದು ಸರ್ವೆ ನಂಬರ್ ತೋರಿಸಿದ. ಆಮೇಲೆ ಗ್ರಾಮ ನಕ್ಷೆಯ ಝೆರಾಕ್ಸ್ ಬಿಚ್ಚಿದ. ಮೇಲಿನ ಹೊಲಗಳಿಂದ ಒಂದು ನಾಲಾ ಇಳಿದು ಬಂದು ಸರಿಯಾಗಿ ಆ ಮೂಲೆಯ ಮೇಲೇ ಹಾದು ಹೋಗಿತ್ತು. ನಿಂತ ನೆಲದಲ್ಲಿ ನಾಲಾ ಇರಲಿಲ್ಲ. ಮುರುಮು ಹಾಕಿ ಮಟ್ಟ ಮಾಡಿದ್ದರು.

"ಈಗ ನೀರೇ ಇಲ್ಲವಲ್ಲೋ ಇದರಲ್ಲಿ" ಅಂದೆ.

"ನಾ ಸೈನ್ ಹಾಕಿದ್ರ ನೀರು ಅದನ್ನ ಓದಿಕೋತದೇನು?"

2020ರ ಅಕ್ಟೋಬರ್ ನೆನಪಾಯ್ತು. ಕಾಗಿಣಾ ಉಕ್ಕಿ ಮಳಖೇಡದ ಸೇತುವೆ ಮುಳುಗಿ, ಸೇಡಂ–ಕಲಬುರಗಿ ರಸ್ತೆ ಬಂದ್ ಆಗಿತ್ತು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದ್ದ ಜಾಗ ಅದು. ಹೊಳೆ ತನ್ನ ದಾರಿ ಬಿಡಲಿಲ್ಲ. ಇನ್ನೊಂದು 2022ರ ಸೆಪ್ಟೆಂಬರ್. ಬೆಂಗಳೂರಿನ ಔಟರ್ ರಿಂಗ್ ರೋಡ್ ಕಡೆ ನೀರು ನುಗ್ಗಿ ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ನೀವೂ ನೋಡಿರ್ತೀರಿ. ಅದರಲ್ಲಿ ನಾನೂ ಒಬ್ಬ. ಊರಲ್ಲಿ ಟ್ರ್ಯಾಕ್ಟರ್ ಬಿಟ್ಟು ಬಂದು, ಬೆಂಗಳೂರಲ್ಲಿ ಲ್ಯಾಪ್‌ಟಾಪ್ ತಲೆ ಮೇಲೆ ಹಿಡಕೊಂಡು ಟ್ರ್ಯಾಕ್ಟರ್ ಹತ್ತಿದ್ದೆ. ಅವತ್ತು ಯಾರು ಇಲ್ಲಿ ಕಟ್ಟೋಕೆ ಬಿಟ್ಟದ್ದು ಅಂತ ಫೇಸ್‌ಬುಕ್ಕಿನಲ್ಲಿ ಉದ್ದಕ್ಕೆ ಬರೆದಿದ್ದೆ. ಯಾರೋ ಒಬ್ಬ ದೋಸ್ತನಿಗಾಗಿ ಒಂದು ಸೈನ್ ಹಾಕಿರಬೇಕು.

ವಾಪಸ್ ಬರೋವಾಗ ಅವನು ಒಂದೇ ಮಾತು ಅಂದ. "ಮುಂಜಾನಿ ಅಕಿಗಿ ಇಲ್ಲ ಅಂದೀನಿ. ಮಧ್ಯಾಹ್ನ ನಿನಗ ಹೂಂ ಅನ್ನಲಿ ಹ್ಯಾಂಗ?"

ಸಂಜೆ ಮನೆಗೂ ಬಂದ. ಅಪ್ಪನ ಎದುರು ಕಟ್ಟೆ ಮೇಲೆ ಕೂತು ನಕ್ಷೆ ಬಿಚ್ಚಿ ತೋರಿಸಿದ. ಅಪ್ಪ ಸೋಲೋ ಪೈಕಿ ಅಲ್ಲ.

"ಮುಂದ ಸರ್ಕಾರನೇ ಸಕ್ರಮ ಮಾಡ್ತದಲ್ಲೋ?"

"2013ರಾಗ ಅಕ್ರಮ ಸಕ್ರಮಕ್ಕ ಕಾಯ್ದೆ ತಿದ್ದಿದ್ರು ಕಾಕಾ. 2017ರಾಗ ಸುಪ್ರೀಂ ಕೋರ್ಟ್ ತಡೆ ಕೊಟ್ಟದ. ಅದನ್ನ ನಂಬಿ ರೊಕ್ಕ ಹಾಕಬ್ಯಾಡ್ರಿ."

"ಮತ್ತ ಉಳಿದೋರು ಕಟ್ಟಲತ್ತಾರಲ್ಲ?"

ದೋಸ್ತ ಬಹಳ ಹೊತ್ತು ನಕ್ಷೆ ಮಡಚುತ್ತಾ ಕೂತ. "ಅದಕ್ಕ ನನ್ನ ಹತ್ರ ಜವಾಬು ಇಲ್ರಿ ಕಾಕಾ."

ಆ ಮಾತಿಗೇ ಇರಬೇಕು, ಅಪ್ಪ ಮೆತ್ತಗಾದರು. ಅವ್ವ ತಂದಿಟ್ಟ ಚಹಾ ಕುಡಿದು ಅವನು ಎದ್ದು ಹೋದ. ಅಪ್ಪ ನನ್ನ ಜೊತೆ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಅವನ ಮೇಲೆ ಮಾತ್ರ ಸಿಟ್ಟಿರಲಿಲ್ಲ.

ಅಡ್ವಾನ್ಸಿನಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರ ಮೂರು ಕಂತಿನಲ್ಲಿ ವಾಪಸ್ ಬಂತು. ಉಳಿದದ್ದು "ಕೊಡ್ತೀನ್ರಿ" ಅನ್ನೋದರಲ್ಲೇ ಇದೆ. ಲೇಔಟಿನ ಫೈಲ್ ಅವನ ಷರಾ ಹೊತ್ತುಕೊಂಡು ಇನ್ನೂ ಅಲ್ಲೇ ಕೂತಿದೆ. ಬಯಲಿನಲ್ಲಿ ಅಷ್ಟರಲ್ಲಿ ಆರು ಮನೆ ಎದ್ದಿವೆ. 2025ರಲ್ಲಿ ಸರ್ಕಾರ ಬಿ ಖಾತಾ ಅಭಿಯಾನ ಮಾಡಿತಲ್ಲ, ಆ ಹೆಣ್ಣುಮಗಳೂ ಅರ್ಜಿ ಹಾಕಿದ್ದಾಳೆ ಅಂತ ದೋಸ್ತ ಹೇಳಿದ. ಬಿ ಖಾತಾ ಬಂದರೆ ತೆರಿಗೆ ಕಟ್ಟಬಹುದು, ಹೆಸರಿಗೊಂದು ಕಾಗದ ಇರುತ್ತೆ. ಜಾಗ ಸಕ್ರಮ ಆಗಲ್ಲ. ಅದನ್ನ ಅವಳಿಗೆ ಮತ್ತೆ ಬಿಡಿಸಿ ಹೇಳೋ ಕೆಲಸವೂ ಇವನದೇ.

ಹೋದ ತಿಂಗಳು ಸ್ಟ್ಯಾಂಡಪ್ ಶುರುವಾಗೋ ಹೊತ್ತಿಗೆ ಮತ್ತೆ ಅಪ್ಪನ ಫೋನು.

"ತಮ್ಮಾ, ಇನ್ನೊಂದು ಸೈಟ್ ನೋಡೀನಿ."

ನನ್ನ ಎದೆ ಧಸಕ್ಕಂತು.

"ರೊಕ್ಕ ಕೊಟ್ಟಿಲ್ಲೋ, ಅಂಜಬ್ಯಾಡ. ಸರ್ವೆ ನಂಬರ್ ಬರಕೋ. ಮೊದ್ಲ ನಿನ್ನ ದೋಸ್ತಗ ಕೇಳು, ನಾಲಾ ಎಲ್ಲದ ಅಂತ."