ಮತವೆಂದರೆ ಯಾವ ಮತ?

ಮಕ್ಕಳಿಗೆ ಮಗ್ಗಿಯನ್ನು ಕಲಿಸಬಹುದು, ಅಮರಕೋಶವನ್ನೂ ಬಾಯಿಪಾಠ ಮಾಡಿಸಬಹುದು. ಚುನಾವಣೆಯ ನಾಲ್ಕು ಮಾತುಗಳನ್ನು ತಿಳಿಸಿಕೊಡುವುದು ಮಾತ್ರ ಅಷ್ಟು ಸುಲಭವಲ್ಲ. ದೊಡ್ಡವರಾದ ನಾವು ಆ ಮಾತುಗಳನ್ನು ದಿನವೂ ಆಡುತ್ತೇವೆ. ಬಿಡಿಸಿ ನೋಡುವ ಗೋಜಿಗೆ ಹೋಗುವುದಿಲ್ಲ. ಮಕ್ಕಳಾದರೋ ಬಿಡಿಸದೆ ಬಿಡುವುದಿಲ್ಲ.

'ಓಟು' ಎನ್ನುತ್ತಲೇ, "ಯಾರು ಓಡುವುದು, ತಾತ?" ಎಂದು ನೆರೆಮನೆಯ ಚಿಕ್ಕವನು ಕೇಳಿದನು. ಚುನಾವಣೆಯ ದಿನಗಳಲ್ಲಿ ಬೀದಿಬೀದಿ ಓಡಾಡಿದವರನ್ನು ಕಂಡವನಿಗೆ ಆ ಸಂದೇಹ ಸಹಜವೇ. ಅದನ್ನು 'ಹಾಕುವುದು' ಏಕೆ ಎಂಬುದು ಮತ್ತೊಂದು ಪ್ರಶ್ನೆ. 1951–52ರ ಮೊದಲ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಚಿಹ್ನೆ. ಓದು ಬಾರದವರೂ ಚಿಹ್ನೆಯನ್ನು ಗುರುತಿಸಿ ತಮಗೆ ಬೇಕಾದ ಪೆಟ್ಟಿಗೆಯೊಳಗೆ ಚೀಟಿಯನ್ನು ಹಾಕಿ ಬಂದರು. ಈಗ ನಾವು ಒತ್ತುವುದು ಯಂತ್ರದ ಗುಂಡಿ. ಬಾಯಿ ಮಾತ್ರ ಇಂದಿಗೂ 'ಹಾಕಿದೆ' ಎನ್ನುತ್ತದೆ.

'ಅಭ್ಯರ್ಥಿ' ಎಂದರೆ ಬೇಡುವವನು. 'ಉಮೇದುವಾರ' ಎಂದರೆ ಆಸೆ ಹೊತ್ತವನು. (ಗೆದ್ದ ಮೇಲೆ ಬೇಡುವ ಸರದಿ ನಮ್ಮದಾಗುತ್ತದೆಂಬುದನ್ನು ಮಕ್ಕಳಿಗೆ ಹೇಳಲಿಲ್ಲ.) 'ಠೇವಣಿ' ಅವರಿಗೆ ಬೇಗ ಹಿಡಿಸಿತು. ಲೋಕಸಭೆಗೆ ನಿಲ್ಲುವವನು ಸಾಮಾನ್ಯವಾಗಿ 25,000 ರೂಪಾಯಿ ಇಡಬೇಕು. ಸಿಂಧುವಾದ ಮತಗಳಲ್ಲಿ ಆರನೆಯ ಒಂದು ಪಾಲಿಗಿಂತ ಹೆಚ್ಚು ದೊರೆಯದೆ ಸೋತರೆ ಅದು ಹೋದಂತೆಯೇ. 'ಗುಪ್ತ ಮತದಾನ'ಕ್ಕೆ ಆಟವನ್ನೇ ಹೂಡಿದೆವು: ಸಂಜೆಗೆ ಲಗೋರಿಯೋ ಕುಂಟೆಬಿಲ್ಲೆಯೋ? ಬಾಗಿಲ ಮರೆಯಲ್ಲಿ ಬರೆದು ಮಡಿಸಿದ ಚೀಟಿಗಳನ್ನು ಎಣಿಸಿದಾಗ ಲಗೋರಿ ಒಂದು ಮತದಿಂದ ಗೆದ್ದಿತು.

ಅಷ್ಟರಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಕೇಳಿದಳು: "ತಾತ, ನಮ್ಮ ಮತದವರಿಗೇ ಹಾಕಬೇಕಾದ್ದರಿಂದ ಅದಕ್ಕೆ ಮತವೆಂದು ಹೆಸರೇ?"

ಜಗಲಿಯ ಮೇಲೆ ಕುಳಿತಿದ್ದ ಮಕ್ಕಳು ಒಂದೇ ಮತದ ಮನೆಗಳವರಲ್ಲ. ಅವರೆಲ್ಲರೂ ನನ್ನ ಮುಖವನ್ನೇ ನೋಡಿದರು. ಒಂದು ಶಬ್ದದ ಅರ್ಥ ಇಷ್ಟು ಭಾರವಾಗಿ ನನಗೆಂದೂ ತೋರಿರಲಿಲ್ಲ.

ಸಂಸ್ಕೃತದಲ್ಲಿ 'ಮನ್' ಎಂಬ ಧಾತುವಿಗೆ ಯೋಚಿಸು ಎಂದು ಅರ್ಥ; ಅದರಿಂದ ಬಂದ 'ಮತ'ವೆಂದರೆ ಯೋಚಿಸಿ ತಳೆದ ಅಭಿಪ್ರಾಯ. ದೇವರ ವಿಷಯವಾಗಿ ತಳೆದ ಅಭಿಪ್ರಾಯಕ್ಕೂ ಅದೇ ಹೆಸರು ಬಂದಿತು, ಅಷ್ಟೆ. ಧರ್ಮದ ಹೆಸರಿನಲ್ಲಿ, ಜಾತಿಯ ಹೆಸರಿನಲ್ಲಿ ಅಭ್ಯರ್ಥಿಯು ಮತ ಕೇಳುವುದನ್ನು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆ ಭ್ರಷ್ಟ ಆಚರಣೆಯೆಂದು ಕರೆದಿದೆ. ನ್ಯಾಯಾಲಯದಲ್ಲಿ ಸಿದ್ಧಪಟ್ಟರೆ ಗೆದ್ದ ಗೆಲುವೂ ನಿಲ್ಲದು. ಇಷ್ಟನ್ನೂ ಹೇಳಿದೆ.

"ಹಾಗಾದರೆ ನಮ್ಮ ಮನೆಗೆ ಬಂದವರು 'ನಾವು ನಿಮ್ಮವರೇ' ಎಂದು ಕೈಮುಗಿದರಲ್ಲ?"

"ಎಂದಿರಬಹುದು, ಮಗು. ಗುಂಡಿ ಒತ್ತುವ ಮರೆಯೊಳಕ್ಕೆ ಅವರು ಬರುವಂತಿಲ್ಲ. ಅಲ್ಲಿ ನಿಮ್ಮಪ್ಪನೂ ಅವರ ಯೋಚನೆಯೂ ಇಬ್ಬರೇ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ ಏನು ಯೋಚಿಸಿ ಹಾಕಿದರೋ ಈ ರಾತ್ರಿ ಕೇಳುತ್ತೇನೆ" ಎಂದಳು.

"ಕೇಳು. ಹೇಳಲೇಬೇಕೆಂದು ಮಾತ್ರ ಹಟ ಹಿಡಿಯಬೇಡ, ಅದು ಗುಪ್ತ" ಎಂದೆ.