ಮೂವತ್ತಾರಕ್ಕೇ ನಿಂತ ಮುಟ್ಟು

ಬೆಳಿಗ್ಗೆ ಹತ್ತೂವರೆ. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಯ ಎರಡನೇ ಮಹಡಿ, ಸಾಲಿನ ನಡುವೆ ನಿಮ್ಮ ಮಷೀನು. ಅಂಗಿಗೆ ಕಾಲರ್ ಕೂರಿಸುವುದು ನಿಮ್ಮ ಕೆಲಸ. ಎಡಗಡೆಯಿಂದ ಬಂಡಲ್ ಬರುತ್ತದೆ, ಬಲಗಡೆಗೆ ದಾಟುತ್ತದೆ, ನಡುವೆ ಕೈ ನಿಲ್ಲುವ ಹಾಗಿಲ್ಲ. ಇದ್ದಕ್ಕಿದ್ದ ಹಾಗೆ ಎದೆಯ ನಡುವಿನಿಂದ ಬಿಸಿ ಏಳುತ್ತದೆ. ಕುತ್ತಿಗೆಗೆ ಏರಿ, ಕಿವಿ ಸುಟ್ಟು, ಮುಖವೆಲ್ಲ ಹೊತ್ತಿಕೊಂಡಂತಾಗಿ, ನೆತ್ತಿಯ ಬೆವರು ಕೂದಲ ಬುಡದಿಂದಿಳಿದು ರವಿಕೆಯ ಬೆನ್ನು ತೊಯ್ಯುತ್ತದೆ. ಪಕ್ಕದ ಮಷೀನಿನವಳ ಕಡೆ ನೋಡುತ್ತೀರಿ. ಅವಳ ಹಣೆ ಒಣಗಿದೆ. ಇಬ್ಬರ ತಲೆಯ ಮೇಲೂ ಅದೇ ಫ್ಯಾನು. ಮೂರು ನಾಲ್ಕು ನಿಮಿಷಕ್ಕೆ ಬಿಸಿ ಇಳಿದು, ಒದ್ದೆ ಬೆನ್ನಿಗೆ ಚಳಿ ಹತ್ತುತ್ತದೆ.

“ಏನಕ್ಕಾ ಹಿಂಗ್ ಬೆವರ್ತಿದೀಯ? ಬಿಪಿ ತೋರಿಸ್ಕೊ.”

ಹೂಂ ಅನ್ನುತ್ತೀರಿ. ಅಷ್ಟರಲ್ಲಿ ಬಂಡಲ್ ಗುಡ್ಡೆಯಾಗಿದೆ, ಸೂಪರ್‌ವೈಸರ್ ಈ ಕಡೆಗೇ ಬರುತ್ತಿದ್ದಾನೆ.

ನಿಮಗೆ 36. ಊರು ಕನಕಪುರದ ಕಡೆ. 18 ತುಂಬುತ್ತಲೇ ಮದುವೆ, 20ಕ್ಕೆ ಮಗಳು, 23ಕ್ಕೆ ಮಗ, ಆ ಬಾಣಂತನದಲ್ಲೇ ಆಪರೇಷನ್. ನಿಮ್ಮ ಓರಗೆಯವರೆಲ್ಲರ ಕಥೆಯೂ ಹೆಚ್ಚು ಕಡಿಮೆ ಇದೇ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸಿಕೊಂಡವರು ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಮಕ್ಕಳ ಲೆಕ್ಕ ಅಲ್ಲಿಗೆ ಮುಗಿಯಿತು. ಆಮೇಲೆ ನಿಮ್ಮ ಮೈಯೊಳಗೆ ಏನಾಗುತ್ತಿದೆ ಎಂದು ಯಾರೂ ಕೇಳಿಲ್ಲ, ನೀವೂ ಕೇಳಿಕೊಂಡಿಲ್ಲ.

ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಚುಕ್ಕೆಗಳಿವೆ. ಮೊದಲೆಲ್ಲ 28, 29 ದಿನಕ್ಕೊಂದರಂತೆ ತಪ್ಪದೆ ಬರುತ್ತಿದ್ದವು. ಹೋದ ವರ್ಷ ದೀಪಾವಳಿ ಕಳೆದ ಮೇಲೆ 23ಕ್ಕೇ ಬಂತು, ಆಮೇಲೆ 41ಕ್ಕೆ. ಆಮೇಲೆ ಎರಡು ತಿಂಗಳು ಸುದ್ದಿಯೇ ಇಲ್ಲ. ಶಿವರಾತ್ರಿಯ ಹೊತ್ತಿಗೆ ಒಮ್ಮೆಲೇ ಶುರುವಾಗಿ ಹತ್ತು ದಿನ ಹರಿಯಿತು. ರಾತ್ರಿ ಎದ್ದು ಬಟ್ಟೆ ಬದಲಾಯಿಸಬೇಕಾಯಿತು, ಲೈನಿನಲ್ಲಿ ಕೂತಾಗ ಕಲೆಯಾದೀತೆಂಬ ಹೆದರಿಕೆಗೆ ನೀರು ಕುಡಿಯುವುದನ್ನೇ ಬಿಟ್ಟಿರಿ. ಆ ತಿಂಗಳು ಅಂಡ ಬಲಿತು ಹೊರಬರಲಿಲ್ಲ. ಅಂಡ ಹೊರಬರದಿದ್ದರೆ ಪ್ರೊಜೆಸ್ಟರಾನ್ ಹುಟ್ಟುವುದಿಲ್ಲ. ಅದು ಇಲ್ಲದಿದ್ದರೆ ಗರ್ಭಕೋಶದ ಒಳಪದರ ಹಿಡಿತವಿಲ್ಲದೆ ದಪ್ಪಗೆ ಬೆಳೆದು, ಒಂದು ದಿನ ತಡೆಯಲಾರದೆ ಕಳಚಿ ಬೀಳುತ್ತದೆ. ತಿಂಗಳುಗಟ್ಟಲೆ ಮುಟ್ಟಾಗದಿರುವುದು, ಆದಾಗ ಹೊಳೆಯಾಗುವುದು, ಎರಡರ ಬೇರೂ ಒಂದೇ.

ಆಮೇಲೆ ಮತ್ತೆ ನಿಂತಿತು. ಹಾಗೆ ನಿಂತಾಗ ಎದೆ ಧಸಕ್ಕೆಂದಿತು. ಆಪರೇಷನ್ ಫೇಲ್ ಆಯಿತೇ? ಮಗಳು ಪಿಯುಸಿಗೆ ಹೋಗುವಾಗ ಅಮ್ಮ ಬಸುರಿಯೇ? ಮೆಡಿಕಲ್ ಸ್ಟೋರಿನ ಹುಡುಗನ ಮುಖ ನೋಡದೆ ಕಿಟ್ ತಂದು, ಬೆಳಗಿನ ಜಾವ ಬಚ್ಚಲಿನಲ್ಲಿ ಹನಿ ಬಿಟ್ಟು ಕಾದಿರಿ. ಒಂದೇ ಗೆರೆ. ಅಬ್ಬ ಎಂದು ಗೋಡೆಗೊರಗಿದಿರಿ.

ಆ ಒಂದು ಗೆರೆಯಲ್ಲೇ ಎಲ್ಲರ ವಿಚಾರಣೆ ಮುಗಿದುಹೋಯಿತು. “ಒಳ್ಳೇದೇ ಆಯ್ತು ಬಿಡು, ಕಾಟ ತಪ್ತು. ನಮಗೆಲ್ಲ ಐವತ್ತರ ತನಕ ಗೋಳು,” ಎಂದರು ಅತ್ತೆ. ಅಕ್ಕರೆಯಿಂದಲೇ ಅಂದದ್ದು. ಆದರೆ ನನಗೆ ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಬಸಿರಿಲ್ಲ ಎಂದಮೇಲೆ ಮುಟ್ಟು ನಿಂತದ್ದಕ್ಕೆ ಬೇರೆ ಕಾರಣ ಇರಲೇಬೇಕಲ್ಲ, ಅದನ್ನು ಹುಡುಕಬೇಕಲ್ಲ? ಮಕ್ಕಳನ್ನು ಹೆತ್ತಾಗಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಹುಡುಕದೆ ಬಿಡುತ್ತೇವೆ. ಹೀಗೆ ಬೇಗ ಮುಟ್ಟು ನಿಂತವಳಿಗೆ ಇನ್ನೂ ಐವತ್ತು ವರ್ಷದ ಬದುಕಿರಬಹುದು. ಆ ಐವತ್ತು ವರ್ಷ ಅವಳನ್ನು ಹೊರಬೇಕಾದ ಮೂಳೆ, ಹೃದಯ, ನಿದ್ದೆಗಳ ಪ್ರಶ್ನೆ ಇದು.

ಬೆವರು, ನಿದ್ದೆಗೇಡು, ಕಾರಣವಿಲ್ಲದೆ ಮಗನ ಮೇಲೆ ರೇಗುವುದು, ಗಂಡ ಹತ್ತಿರ ಬಂದರೆ ಉರಿ, ನೋವು. ಕೊನೆಯದನ್ನು ಯಾರಿಗೂ ಹೇಳಿಲ್ಲ. ಅವನು “ನಿಂಗೆ ನನ್ ಮೇಲೆ ಇಷ್ಟ ಇಲ್ಲ” ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಾನೆ.

ಒಂದು ಭಾನುವಾರ ಬಡಾವಣೆಯ ನರ್ಸಿಂಗ್ ಹೋಮಿಗೆ ಹೋಗುತ್ತೀರಿ. ಸ್ಕ್ಯಾನಿಂಗ್ ಆಗುತ್ತದೆ. “ಗರ್ಭಕೋಶ ಸ್ವಲ್ಪ ದಪ್ಪ ಇದೆ. ಮಕ್ಕಳಾಗಿದಾವಲ್ಲ? ತೆಗೆಸಿಬಿಡಿ. ಮುಂದೆ ಕ್ಯಾನ್ಸರ್ ಗಿನ್ಸರ್ ಅಂತ ಯಾಕೆ.” ಐದು ನಿಮಿಷದ ಮಾತು. ರಕ್ತ ಪರೀಕ್ಷೆಯ ಮಾತೇ ಇಲ್ಲ. ಹೊರಗೆ ಬೆಂಚಿನ ಮೇಲೆ ನಿಮ್ಮ ಬೀದಿಯವಳೇ ಒಬ್ಬಳು ಕೂತಿದ್ದಾಳೆ, 38 ಇರಬಹುದು. ಅವಳಿಗೂ ಇದೇ ಮಾತು. ಅವಳು ಸಂಘದಲ್ಲಿ ಸಾಲ ಎತ್ತಿ ಅಡ್ವಾನ್ಸ್ ಕಟ್ಟಿದ್ದಾಗಿದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೀಗೆ ‘ತೆಗೆಸಿಬಿಡಿ’ ಎಂಬ ಮಾತು ಕರ್ನಾಟಕಕ್ಕೆ ಹೊಸದಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳಿಗೆ, ದಲಿತ ಹೆಣ್ಣುಮಕ್ಕಳಿಗೆ ಹೊಟ್ಟೆನೋವು, ಬಿಳುಪು ಎಂಬ ನೆಪದಲ್ಲಿ ಗರ್ಭಕೋಶ ತೆಗೆದದ್ದು ಬಯಲಾಗಿ ಹೋರಾಟ, ವಿಚಾರಣೆ ನಡೆದವು. ಬಿಹಾರ, ಛತ್ತೀಸಗಡ, ರಾಜಸ್ಥಾನಗಳ ಇಂಥವೇ ಪ್ರಕರಣಗಳನ್ನು ಮುಂದಿಟ್ಟುಕೊಂಡು ವೈದ್ಯರೊಬ್ಬರು ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದಿತು. ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಈಸ್ಟ್ರೋಜನ್ ಅದೇ ದಿನ ಪಾತಾಳಕ್ಕಿಳಿಯುತ್ತದೆ. ಅಂಡಾಶಯ ಉಳಿಸಿದರೂ ಅವು ಕೆಲವು ವರ್ಷ ಮೊದಲೇ ಸೋಲುವುದುಂಟು. ಮತ್ತೆ, ನಿಮ್ಮ ತೊಂದರೆ ಇರುವುದು ಅಂಡಾಶಯದಲ್ಲಿ. ಅದಕ್ಕೆ ಗರ್ಭಕೋಶ ತೆಗೆದು ಏನು ಸಾಧಿಸಿದ ಹಾಗಾಯಿತು?

ನಿಮಗೆ ಇದೆಲ್ಲ ಗೊತ್ತಿಲ್ಲ. ಅಷ್ಟು ದುಡ್ಡಿಲ್ಲ ಎಂಬ ಒಂದೇ ಕಾರಣ ನಿಮ್ಮನ್ನು ಸೋಮವಾರ ಬೆಳಿಗ್ಗೆ ಸೊನ್ನೆ ರೂಪಾಯಿ ಟಿಕೆಟ್ಟಿನ ಬಿಎಂಟಿಸಿ ಬಸ್ಸು ಹತ್ತಿಸುತ್ತದೆ. ಆ ದಿನದ ಸಂಬಳ ಕಟ್. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ದುಡಿಯುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 12 ದಿನದ ಋತುಚಕ್ರ ರಜೆಗೆ ಒಪ್ಪಿಗೆ ಕೊಟ್ಟಿತು, ಗಾರ್ಮೆಂಟ್ಸ್‌ನವರನ್ನೂ ಸೇರಿಸಿ. ಒಳ್ಳೆಯ ಕೆಲಸ. ಆದರೆ ಮುಟ್ಟೇ ಆಗುತ್ತಿಲ್ಲ ಎಂದು ಆಸ್ಪತ್ರೆಗೆ ಹೊರಟವಳು ಸೂಪರ್‌ವೈಸರ್ ಎದುರು ನಿಂತು ಯಾವ ರಜೆ ಕೇಳಬೇಕು?

ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿದು, ಹೂವಿನ ಬುಟ್ಟಿ, ಕೈಗಾಡಿಗಳ ನಡುವೆ ದಾರಿ ಮಾಡಿಕೊಂಡು ವಾಣಿ ವಿಲಾಸ ಆಸ್ಪತ್ರೆಯ ಗೇಟು ಹೊಗುತ್ತೀರಿ. 1935ರಿಂದ ಈ ಊರಿನ ಹೆಂಗಸರು ಹೆರಿಗೆಗೆ ಬರುತ್ತಿರುವ ಜಾಗ. ಚೀಟಿ, ಸಾಲು, ಬೆಂಚು. ಸುತ್ತ ಎಲ್ಲಿ ನೋಡಿದರೂ ಬಸುರಿ ಹೊಟ್ಟೆಗಳು. ಪಕ್ಕದಲ್ಲಿ ಮಾಗಡಿ ಕಡೆಯ ಶಾಲಾ ಟೀಚರ್, 33 ವರ್ಷ. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ, ಅವರಿಗೂ ಮುಟ್ಟು ತಪ್ಪಿದೆ. ಕಂಡ ಕಂಡ ಲ್ಯಾಬುಗಳ ರಿಪೋರ್ಟುಗಳನ್ನು ಕವರಿನಲ್ಲಿ ಎದೆಗವಚಿ ಕೂತಿದ್ದಾರೆ. “ನಿಮಗೆ ಮಕ್ಕಳಿದಾವಲ್ಲ, ನೀವು ಬಚಾವ್,” ಎನ್ನುತ್ತಾರೆ ಮೆಲ್ಲಗೆ. ಏನು ಹೇಳಲೂ ತೋಚದೆ ಅವರ ಕೈ ಹಿಡಿದುಕೊಳ್ಳುತ್ತೀರಿ.

ಒಳಗೆ ಡಾಕ್ಟರಮ್ಮ ತಲೆ ಎತ್ತಿ ಕೇಳಲು ತೊಡಗುತ್ತಾರೆ. ಬಸಿರು ತಡೆಯೋ ಅಂತರ ಇಂಜೆಕ್ಷನ್ ಏನಾದರೂ ತಗೊಂಡಿದ್ರಾ? ಅದನ್ನು ತೆಗೆದುಕೊಂಡವರಿಗೆ ಮುಟ್ಟು ನಿಲ್ಲುವುದು ಸಾಮಾನ್ಯ. ಮಾನಸಿಕ ಕಾಯಿಲೆಗೆ, ವಾಂತಿಗೆ ಮಾತ್ರೆ? ಕೆಲವು ಮಾತ್ರೆಗಳು ಪ್ರೊಲ್ಯಾಕ್ಟಿನ್ ಏರಿಸಿ ಮುಟ್ಟು ತಪ್ಪಿಸುತ್ತವೆ. ಮೊಲೆಯಿಂದ ಹಾಲು ಬರುತ್ತಾ? ತೂಕ ಇಳೀತಾ, ಏರಿತಾ? ಥೈರಾಯ್ಡ್? ಟಿಬಿ ಬಂದಿತ್ತಾ? ಗರ್ಭಕೋಶದ ಒಳಪದರಕ್ಕೆ ಕ್ಷಯ ತಗಲಿದರೆ ಅಂಡಾಶಯ ಚೆನ್ನಾಗಿದ್ದರೂ ಮುಟ್ಟಾಗದು. ಕೀಮೋ, ರೇಡಿಯೇಷನ್ ಏನಾದ್ರೂ? ಆಮೇಲೆ ಒಂದು ಪ್ರಶ್ನೆ, ಅದಕ್ಕೆ ನಿಮ್ಮಲ್ಲಿ ಉತ್ತರವಿಲ್ಲ. “ನಿಮ್ಮ ತಾಯಿಗೆ ಎಷ್ಟು ವಯಸ್ಸಿಗೆ ನಿಂತಿತ್ತು?”

ಬಾಗಿಲಾಚೆ ಬಂದು ಊರಿಗೆ ಫೋನು ಹಚ್ಚುತ್ತೀರಿ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದ್ಯಾಕೆ ಈಗ... ನಿನ್ ತಮ್ಮ ಮೂರ್ನೇ ಕ್ಲಾಸಲ್ಲಿದ್ದಾಗ್ಲೇ ನಿಂತೋಯ್ತು. ಯಾರ್‌ಗೇಳಾನ,” ಎನ್ನುತ್ತಾಳೆ. ಲೆಕ್ಕ ಹಾಕುತ್ತೀರಿ. 38, ಹೆಚ್ಚೆಂದರೆ 39. ಹೋದ ವರ್ಷ ಬಚ್ಚಲಿನಲ್ಲಿ ಜಾರಿ ಅಮ್ಮನ ಮಣಿಕಟ್ಟು ಮುರಿದದ್ದು, ಸಣ್ಣ ಜಾರಿಕೆಗೆ ಇಷ್ಟೇಕೆ ಎಂದು ಎಲ್ಲರೂ ಅಂದದ್ದು, ಆಗ ನೆನಪಿಗೆ ಬರುತ್ತದೆ.

ರಕ್ತ ಕೊಟ್ಟು ಬರುತ್ತೀರಿ: ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಎಫ್‌ಎಸ್‌ಎಚ್, ಈಸ್ಟ್ರಡೈಯಾಲ್. ಮೂತ್ರದ ಬಸಿರು ಪರೀಕ್ಷೆ ಮತ್ತೊಮ್ಮೆ.

ವರದಿ ಬಂದ ದಿನ ಡಾಕ್ಟರಮ್ಮ ಕಾಗದದ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಎಫ್‌ಎಸ್‌ಎಚ್ 68. ನಾಲ್ಕು ತಿಂಗಳಿಂದ ಮುಟ್ಟು ಏರುಪೇರಾಗಿದ್ದು, 40ರ ಒಳಗಿನವರಲ್ಲಿ ಇದು 25 ದಾಟಿದರೇ ಅಂಡಾಶಯ ಸೋಲುತ್ತಿದೆ ಎಂದು ಲೆಕ್ಕ. ಎಫ್‌ಎಸ್‌ಎಚ್ ಎಂದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಅಂಡಾಶಯವನ್ನು ಎಬ್ಬಿಸಲು ಕಳಿಸುವ ಹಾರ್ಮೋನು. ಒಳಗಿನವರು ಬಾಗಿಲು ತೆಗೆಯದಿದ್ದರೆ ಹೊರಗೆ ನಿಂತವರು ಕೂಗುವ ದನಿ ಏರುತ್ತ ಹೋಗುವ ಹಾಗೆ, ಅಂಡಾಶಯ ಓಗೊಡದಿದ್ದಾಗ ಈ ಅಂಕಿ ಏರುತ್ತದೆ. ಹೆಣ್ಣುಮಗು ಹುಟ್ಟುವಾಗಲೇ 10ರಿಂದ 20 ಲಕ್ಷ ಅಂಡಗಳನ್ನು ಹೊತ್ತು ಬರುತ್ತದೆ, ಮೈನೆರೆಯುವ ಹೊತ್ತಿಗೆ 3–4 ಲಕ್ಷ ಉಳಿಯುತ್ತವೆ, ಮುಟ್ಟು ನಿಲ್ಲುವಾಗ ಸಾವಿರದಷ್ಟು. ಕೆಲವರಲ್ಲಿ ಈ ಗಂಟು ಬೇಗ ಕರಗುತ್ತದೆ. ಕೆಲವರಲ್ಲಿ ಅಂಡಗಳು ಇದ್ದೂ ಓಗೊಡುವುದಿಲ್ಲ. ಮನೆತನದಲ್ಲೇ ಬಂದಿರಬಹುದು, ವರ್ಣತಂತುವಿನ ದೋಷವಿರಬಹುದು, ಥೈರಾಯ್ಡಿನ ಮೇಲೆ ಎರಗುವಂತೆ ದೇಹದ ರಕ್ಷಣಾ ವ್ಯವಸ್ಥೆಯೇ ಅಂಡಾಶಯದ ಮೇಲೆ ಎರಗಿರಬಹುದು. ಹೆಚ್ಚಿನವರಲ್ಲಿ ಕಾರಣ ಸಿಗುವುದೇ ಇಲ್ಲ.

“ನಾನೇನಾದ್ರೂ ತಪ್ ಮಾಡಿದ್ನಾ ಡಾಕ್ಟ್ರೇ? ಊಟ ಬಿಟ್ಟಿದ್ದಕ್ಕಾ? ಆಪರೇಷನ್ ಆಗಿದ್ದಕ್ಕಾ?”

“ಇಲ್ಲಮ್ಮ. ನೀವು ಮಾಡಿದ್ದು ಏನೂ ಇಲ್ಲ.”

ಆಗ ಅಳು ಬರುತ್ತದೆ. ಇನ್ನೊಂದು ಮಗು ಬೇಕೆಂದಲ್ಲ. ಮಗಳು ಮೊನ್ನೆ ಮೊನ್ನೆ ಪ್ಯಾಡ್ ಕೇಳತೊಡಗಿದ್ದಾಳೆ, ನನಗಾಗಲೇ ಮುಗಿಯಿತಲ್ಲ ಎಂಬ ಸಂಕಟಕ್ಕೆ. ಡಾಕ್ಟರಮ್ಮ ಕಾಯುತ್ತಾರೆ. ಆಮೇಲೆ ಹೇಳುತ್ತಾರೆ: ಪೂರ್ತಿ ಮುಗಿದಿದೆ ಎಂದೇನಲ್ಲ. ಈ ವಯಸ್ಸಿನಲ್ಲಿ ಸೋತ ಅಂಡಾಶಯ ನಡುನಡುವೆ ಎಚ್ಚರಗೊಳ್ಳುವುದುಂಟು, ನೂರರಲ್ಲಿ ಐದಾರು ಮಂದಿ ತಾವಾಗೇ ಬಸಿರಾದದ್ದೂ ಉಂಟು. ಇವತ್ತೂ ಬಂದು ಹೊರಗೆ ಕೂತ ಟೀಚರಿಗೆ ಈ ಮಾತು ಬೇರೆಯೇ ತೂಕದ್ದು. ಅವರ ಮುಂದೆ ದಾನಿಯ ಅಂಡದ ಪ್ರಶ್ನೆ ಬರುತ್ತದೆ, ಸಂತಾನ ನೆರವಿನ ತಂತ್ರಜ್ಞಾನದ 2021ರ ಕಾಯ್ದೆಯ ನಿಯಮಗಳು ಬರುತ್ತವೆ. ಅವರ ಸರದಿ ನಿಮ್ಮ ನಂತರ.

ನಿಮಗೆ ಬರೆದುಕೊಟ್ಟದ್ದು ಈಸ್ಟ್ರೋಜನ್ ಮಾತ್ರೆ, ದಿನವೂ. ಗರ್ಭಕೋಶ ಇರುವುದರಿಂದ ಅದರ ಪದರ ಕೆಡದಿರಲು ತಿಂಗಳಿಗೆ ಹನ್ನೆರಡು ದಿನ ಪ್ರೊಜೆಸ್ಟರಾನ್. “ಹಾರ್ಮೋನ್ ಅಂದ್ರೆ ಕ್ಯಾನ್ಸರ್ ಬರುತ್ತಂತಲ್ಲ?” ಎಂದು ಕೇಳುತ್ತೀರಿ. ಕೇಳಲೇಬೇಕಾದ ಪ್ರಶ್ನೆ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಈ ಹೆದರಿಕೆ ಹುಟ್ಟಿಸಿತು. ಅದರಲ್ಲಿದ್ದವರು 50ರಿಂದ 79 ವರ್ಷದವರು, ಸರಾಸರಿ 63. ಮುಟ್ಟು ಸಹಜವಾಗಿ ನಿಂತು ವರ್ಷಗಳಾದವರಿಗೆ ಹೊರಗಿನಿಂದ ಕೊಟ್ಟದ್ದು. ನಿಮಗೆ ಕೊಡುತ್ತಿರುವುದು ಈ ವಯಸ್ಸಿಗೆ ಮೈಯಲ್ಲಿ ಇರಲೇಬೇಕಾದದ್ದನ್ನು. ಸ್ತನ ಕ್ಯಾನ್ಸರ್ ಆಗಿದ್ದರೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದರೆ ಲೆಕ್ಕ ಬೇರೆ, ಅದಕ್ಕೇ ಅಷ್ಟೆಲ್ಲ ವಿಚಾರಿಸಿ, ಬಿಪಿ ನೋಡಿ ಬರೆದದ್ದು. ಮಾತ್ರೆ 50ರ ಆಸುಪಾಸಿನ ತನಕ. ಭಾರತದ ಹೆಣ್ಣಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47 ಎನ್ನುತ್ತಾರೆ. ಅದಕ್ಕಿಂತ ಮೊದಲು ನಿಲ್ಲಿಸುವಂತಿಲ್ಲ.

ಮೂಳೆ ಸಾಂದ್ರತೆ ನೋಡಲು ಡೆಕ್ಸಾ ಸ್ಕ್ಯಾನ್ ಬರೆದಿದ್ದಾರೆ. “ನಾವು ರಾಗಿ ಮುದ್ದೆ ತಿನ್ನೋರು, ಮೂಳೆ ಗಟ್ಟಿ,” ಎನ್ನುತ್ತೀರಿ. ನಿಜ, ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣವಿದೆ, ಬಿಡಬೇಡಿ ಎನ್ನುತ್ತಾರೆ. ಆದರೆ ಮೂಳೆ ಸವೆಯದಂತೆ ತಡೆಯುವುದು ಈಸ್ಟ್ರೋಜನ್. ಅದಿಲ್ಲದೆ ಎಷ್ಟು ಮುದ್ದೆ ಉಂಡರೂ ಸವೆತ ನಿಲ್ಲದು. ಮತ್ತೆ, ಬೆಳಿಗ್ಗೆ ಕತ್ತಲಲ್ಲಿ ಕಾರ್ಖಾನೆ ಹೊಕ್ಕು ಸಂಜೆ ಹೊರಬರುವ ಮೈಗೆ ಬಿಸಿಲೆಲ್ಲಿ? ವಿಟಮಿನ್ ಡಿ ಕೂಡ ಬರೆದಿದ್ದಾರೆ. ಉರಿಗೆ ಹಚ್ಚಲು ಮುಲಾಮು ಬೇರೆ, ನೀವಾಗಿ ಹೇಳದಿದ್ದರೂ ಅವರೇ ಕೇಳಿ ಬರೆದದ್ದು. “ನಿಮ್ಮ ಯಜಮಾನರನ್ನ ಮುಂದಿನ ಸಲ ಕರ್ಕೊಂಡ್ ಬನ್ನಿ, ನಾನೇ ಹೇಳ್ತೀನಿ. ತಂಗಿ ಇದ್ದರೆ ಅವಳಿಗೂ ತಿಂಗಳ ಲೆಕ್ಕ ಬರೆದಿಡೋಕೆ ಹೇಳಿ.”

ತಂಗಿಗೆ 31. ಫೋನ್ ಮಾಡಿ ಎಲ್ಲ ಹೇಳುತ್ತೀರಿ, ಅಮ್ಮನದೂ ಸೇರಿಸಿ. ಆಮೇಲೆ ಬಸ್ಸಿಗೆ ಕಾಯುತ್ತಲೇ ನಿಮ್ಮ ಬೀದಿಯವಳ ನಂಬರ್ ಒತ್ತುತ್ತೀರಿ. ಅವಳಿಗೆ ಗುರುವಾರಕ್ಕೆ ಆಪರೇಷನ್ ಗೊತ್ತುಮಾಡಿದ್ದಾರೆ.

“ಅಡ್ವಾನ್ಸ್ ಹೋದ್ರೂ ಹೋಗ್ಲಿ ಕಣೆ. ನಾಳೆ ನಾನೇ ಕರ್ಕೊಂಡ್ ಹೋಗ್ತೀನಿ. ಮೊದ್ಲು ರಕ್ತ ಕೊಡು, ರಿಪೋರ್ಟ್ ಬರ್ಲಿ.”

ಆ ಕಡೆಯಿಂದ ಅವಳು ಕೇಳುತ್ತಾಳೆ, ಎಷ್ಟು ಗಂಟೆಗೆ ಹೊರಡಬೇಕು, ಏನೇನು ಕಾಗದ ತರಬೇಕು ಎಂದು.